ಮೂಗಿಗೆ ಬಿಟ್ಟ ತೊಟ್ಟು

ಸುಧಾ, ಚಿನ್ನು ಕೂಸಾಗಿದ್ದಾಗ ಅವನ ಮೂಗಿಗೆ ಎಣ್ಣೆ ಬಿಟ್ಟವಳು ನಾನೇ ಕಣಮ್ಮ. ಆಸ್ಪತ್ರೆಯಲ್ಲಿ ಕೇಳಿದಾಗ ಇಲ್ಲ ಅಂದವಳೂ ನಾನೇ — ನಿನ್ನ ಹೆತ್ತ ತಾಯಿ.

ಈಗ ನಿನಗೆ ಮಗಳು ಹುಟ್ಟಿ ನಮ್ಮ ಲಕ್ಷ್ಮೀಪುರಂ ಮನೆಗೆ ಬಂದಿದ್ದಾಳೆ. ಸಂತೋಷ ತಡೆಯೋಕಾಗ್ತಿಲ್ಲ ನನಗೆ. ಹಾಲಿನವನನ್ನೂ ಹೂವಿನವಳನ್ನೂ ನಿಲ್ಲಿಸಿ ನಿಲ್ಲಿಸಿ ಹೇಳಿದೆ, ಮೂಗು ಥೇಟ್ ನನ್ನದೇ ಅಂತ. ಹೂವಿನವಳು, ಅಯ್ಯೋ ಪಾಪ ಮಗು, ಅಂದು ನಕ್ಕಳು. ಇವತ್ತು ಹೊಕ್ಕುಳ ಬಳ್ಳಿ ಉದುರಿತಲ್ಲ — ನಾಳೆಯಿಂದ ಎಣ್ಣೆ-ನೀರು ನೀನೇ ಹಾಕಮ್ಮ, ನಿನ್ನ ಕೈ ಬಿಟ್ಟರೆ ನನಗೆ ಯಾರ ಮೇಲೂ ಧೈರ್ಯ ಇಲ್ಲ ಅಂತ ನೀನಂದೆ. ಎದುರಿಗೆ ಹೇಳೋಕೆ ಬಾಯಿ ಬರಲ್ಲ, ಅದಕ್ಕೇ ಈ ಚೀಟಿ. ಮೂರನೇ ಕ್ಲಾಸಿಗೇ ಬಿಟ್ಟವಳ ಅಕ್ಷರ, ಕೂಡಿಸಿಕೊಂಡು ಓದಿಕೋ.

ಚಿನ್ನು ಹುಟ್ಟಿದಾಗ ಅಳಿಯಂದಿರು ದೇವರಾಜ ಮೊಹಲ್ಲಾದಿಂದ ಬೇಬಿ ಆಯಿಲ್ ತಂದಿದ್ದರು. ನೀರಿನಂಗೆ ತಿಳಿ, ಘಮ್ಮಂತಿತ್ತು. ಹರಳೆಣ್ಣೆಗಿಂತ ಇದೇ ಮೇಲು ಅಂದುಕೊಂಡೆ. ನಮ್ಮಮ್ಮ ಮಾಡ್ತಿದ್ದಂಗೆ ಮೈ ತಿಕ್ಕಿ, ಕಿವಿಗೊಂದು ತೊಟ್ಟು, ಮೂಗಿಗೊಂದು ತೊಟ್ಟು. ಮೂಗಿಗೆ ಬೇಡ ಅಂತ ನೀನು ಮೊದಲೇ ಹೇಳಿದ್ದೆ. ನಾನೂ ಹೂಂ ಅಂದಿದ್ದೆ. ನೀನು ಟವಲ್ ತರೋಕೆ ಒಳಗೆ ಹೋದಾಗ ತೊಟ್ಟು ಹಾಕಿಬಿಡ್ತಿದ್ದೆ. ನಿನ್ನನ್ನೇ ಸಾಕಿದ ಕೈಗೆ ನೀನೇನು ಹೇಳಿಕೊಡೋದು — ಅಷ್ಟು ಜಂಬ.

ಮಗೂಗೆ ಉಸಿರು ಕಟ್ಟೋಕೆ ಶುರುವಾಯ್ತು. ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು. ನಮ್ಮ ಚೀಲದಲ್ಲಿದ್ದ ಬಾಟ್ಲಿ ನೋಡಿ ಡಾಕ್ಟರಮ್ಮ ತಿಳಿಸಿ ಹೇಳಿದರು — ಇದು ಬೀಜದಿಂದ ತೆಗೆದ ಎಣ್ಣೆಯಲ್ಲ, ಪೆಟ್ರೋಲು ಬರುತ್ತಲ್ಲ, ಆ ನೆಲದೊಳಗಿನ ಎಣ್ಣೆಯಿಂದಲೇ ಶುದ್ಧ ಮಾಡಿ ತೆಗೆದದ್ದು. ಮೈಗೆ ಹಚ್ಚೋಕೆ ಸರಿ. ಮೂಗಿಗೆ ಬಿಟ್ಟರೆ ಕೆಮ್ಮೂ ಬರದಂಗೆ ಶ್ವಾಸಕೋಶಕ್ಕೆ ಜಾರುತ್ತೆ. ಮೂಗಿಗೆ ಯಾವ ಎಣ್ಣೆಯೂ ಬೇಡ. ಆಮೇಲೆ ನನ್ನ ಕಡೆ ತಿರುಗಿದರು.

"ಅಜ್ಜಿ, ಮೂಗಿಗೇನಾದ್ರೂ ಬಿಟ್ರಾ?"

"ಇಲ್ಲ ಕಣವ್ವ."

ಅಷ್ಟೇ. ಹಾಲು ಹೇಗೆ ಕುಡಿಸ್ತೀರಿ ಅಂತ ನಿನ್ನನ್ನ ಕೇಳಿದರು. ನಿದ್ದೆಗಣ್ಣಲ್ಲಿ ಮಲಗಿಕೊಂಡೇ ಕುಡಿಸಿದೆ, ನನ್ನಿಂದಲೇ ಆಯ್ತು ಅಂತ ನೀನು ಅತ್ತುಬಿಟ್ಟೆ. ನಾನು ನಿನ್ನ ತಲೆ ಸವರಿದೆ. ಸವರಿದೆನೇ ಹೊರತು —

ಚಿನ್ನು ಉಳಿದುಕೊಂಡ. ಈಗ ಬೀದಿಯಲ್ಲಿ ಔಟ್ ಔಟ್ ಅಂತ ಅವನು ಕಿರುಚೋದು ಮೂರು ಮನೆಗೆ ಕೇಳುತ್ತೆ. ನೀನು ಮಾತ್ರ ಇವತ್ತಿಗೂ ಗೋಡೆಗೆ ಒರಗಿ, ತೂಕಡಿಸ್ತಾ, ಕೂತೇ ಹಾಲು ಕುಡಿಸ್ತೀಯ. ಸ್ವಲ್ಪ ಅಡ್ಡಾಗೇ ಅಂದರೆ, ಒಂದ್ಸಲ ಆಗಿದ್ದು ಸಾಕಮ್ಮ ಅಂತೀಯ.

ಆಗಿದ್ದು ನಿನ್ನಿಂದಲ್ಲ, ಮಗಳೇ. ನನ್ನಿಂದ.

ನಾಳೆ ನೀರು ಕಾಯಿಸಿಡ್ತೀನಿ. ಕೂಸನ್ನ ನನ್ನ ಕಾಲ ಮೇಲೆ ಮಲಗಿಸೋದೂ ಬಿಡೋದೂ ನಿನ್ನಿಷ್ಟ. ಬೇಡ ಅಂದರೆ ನೀನು ಹಾಕು, ನಾನು ಚೊಂಬಿಗೆ ನೀರು ತುಂಬಿಕೊಡ್ತಾ ಪಕ್ಕದಲ್ಲಿರ್ತೀನಿ. ನೀನು ಮಾತ್ರ ಇವತ್ತು ಆ ಗೋಡೆ ಬಿಟ್ಟು ದಿಂಬಿಗೆ ತಲೆ ಕೊಡು.