ಎಪ್ಪತ್ತೆರಡು ಡಿಗ್ರಿಯ ಚಳಿ

ಚಳಿಗಾಲ ಶುರುವಾಗಿ ಹೀಟರ್ ಮೊದಲ ಸಲ ಹೊತ್ತಿಕೊಂಡ ದಿನ ಮನೆಯಲ್ಲಿ ಒಂದು ವಾಸನೆ ಬರುತ್ತದೆ. ಬೇಸಿಗೆಯಿಡೀ ಬಿಸಿಗಾಳಿಯ ಕೊಳವೆಗಳೊಳಗೆ ಕೂತಿದ್ದ ಧೂಳು ಸುಡುವ ವಾಸನೆ. ಇಸ್ತ್ರಿ ಪೆಟ್ಟಿಗೆಯನ್ನು ಬಹಳ ದಿನಗಳ ಮೇಲೆ ಹೊರತೆಗೆದಾಗ ಬರುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಸ್ವಲ್ಪ ಹೊತ್ತು ಇದ್ದು ಹೋಗಿಬಿಡುತ್ತದೆ. ಇವತ್ತು ಬೆಳಗ್ಗೆ ಲ್ಯಾಪ್‌ಟಾಪ್ ಮುಂದೆ ಮೀಟಿಂಗಿನಲ್ಲಿ ಕೂತಿದ್ದಾಗ ಆ ವಾಸನೆ ಬಂತು. ಆಮೇಲೆ ಯಾರು ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಪಕ್ಕದ ಮನೆಯಲ್ಲಿದ್ದ ಡಾಕ್ಟರ್ ಆಂಟಿ ನೆನಪಾದರು.

ಅಮೆರಿಕದ ಹರ್ನ್‌ಡನ್‌ನ ಈ ಟೌನ್‌ಹೌಸಿಗೆ ನಾನು ಬಂದಾಗ ಕೊರೋನಾ ಇನ್ನೂ ಪೂರ್ತಿ ಹೋಗಿರಲಿಲ್ಲ. ಕೆಲಸವೆಲ್ಲ ಮನೆಯಿಂದಲೇ. ಇರುವವಳು ನಾನೊಬ್ಬಳು, ಲ್ಯಾಪ್‌ಟಾಪ್ ಮುಚ್ಚಿದರೆ ಆ ದಿನದ ಮಾತೂ ಮುಗಿದ ಹಾಗೆ. ಕೆಲವು ಸಂಜೆ ಗಂಟಲು ಸರಿಯಿದೆಯೋ ಇಲ್ಲವೋ ಎಂದು ನೋಡಲು ಸುಮ್ಮನೆ ಏನಾದರೂ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಅಂಥ ಒಂದು ಡಿಸೆಂಬರ್ ಮಧ್ಯಾಹ್ನ ಯಾರೋ ಬಾಗಿಲು ಬಡಿದರು. ತೆರೆದು ನೋಡಿದರೆ ವಯಸ್ಸಾದ ಹೆಂಗಸು. ಮುಖಕ್ಕೆ ಮಾಸ್ಕ್, ತಲೆಗೆ ಮಂಕಿ ಕ್ಯಾಪ್, ಸೀರೆಯ ಮೇಲೆ ಗಂಡಸರ ಉದ್ದನೆಯ ಕೋಟು. ನಾನು ಹೊರಗೆ ನಿಂತು ಫೋನಿನಲ್ಲಿ ಕನ್ನಡ ಮಾತಾಡಿದ್ದನ್ನು ಯಾವಾಗಲೋ ಕೇಳಿಸಿಕೊಂಡಿದ್ದರಂತೆ. ನಮಸ್ಕಾರವಿಲ್ಲ, ಪರಿಚಯ ಹೇಳಿಕೊಳ್ಳುವುದೂ ಇಲ್ಲ.

"ನಿನಗೂ ಥಂಡಿ ಆಗ್ತದೇನವಾ?"

"ಇಲ್ಲ ಆಂಟಿ, ಒಳಗೆ ಬೆಚ್ಚಗೇ ಇದೆ" ಎಂದೆ.

ಬಾಗಿಲೊಳಗೆ ಕೈ ಚಾಚಿ ನನ್ನ ಮನೆಯ ಗಾಳಿಯನ್ನು ಮುಟ್ಟಿ ನೋಡಿದರು. "ಹಂಗಾರ ನನ್ನ ಮನೀದರೆ ತಪ್ಪಿರಬೇಕು, ಇಲ್ಲಾ ನನ್ನ ತಲೀದು. ಯಾವುದಂತ ನೋಡೂಣು, ಬಾ."

ಧಾರವಾಡದ ಕಡೆಯವರು. ಗಂಡ ಹೆಂಡತಿ ಇಬ್ಬರೂ ಡಾಕ್ಟರಾಗಿ ಎಷ್ಟೋ ವರ್ಷಗಳ ಹಿಂದೆಯೇ ಇಲ್ಲಿಗೆ ಬಂದವರು. ಆಂಟಿ ಮಕ್ಕಳ ಡಾಕ್ಟರು. ಅಂಕಲ್ ಕೊರೋನಾದ ಮೊದಲ ಅಲೆಯಲ್ಲೇ ಆಸ್ಪತ್ರೆಯಲ್ಲಿ ತೀರಿಹೋಗಿದ್ದರು. ಆಯಸ್ಸೆಲ್ಲ ಆಸ್ಪತ್ರೆಗಳಲ್ಲೇ ಕಳೆದ ಆಂಟಿಯನ್ನು ಆವತ್ತು ಒಳಗೆ ಬಿಟ್ಟಿರಲಿಲ್ಲ. ಆ ಕೋಟು ಅಂಕಲ್‌ದು.

ಒಬ್ಬಳೇ ಮಗಳು, ದೂರದ ಶಾರ್ಲೆಟ್‌ನಲ್ಲಿ. ಅಮ್ಮ ಬೆಚ್ಚಗಿರಲಿ ಎಂದು ಅವಳು ಹೀಟರನ್ನು ಹೊತ್ತಿಸಿ ಆರಿಸುವ ಹಳೆಯ ಥರ್ಮೋಸ್ಟ್ಯಾಟ್ ತೆಗೆಸಿ, ತನ್ನ ಫೋನಿನಲ್ಲೇ ನೋಡಬಹುದಾದ ಹೊಸದನ್ನು ಹಾಕಿಸಿದ್ದಳು. ಆಂಟಿ ಚಳಿ ಎಂದಾಗಲೆಲ್ಲ ಅಲ್ಲಿಂದಲೇ ನೋಡಿ, "ಅಮ್ಮಾ, ಇಟ್ಸ್ ಸೆವೆಂಟಿ ಟೂ. ಚಳಿ ಇಲ್ಲ" ಎನ್ನುತ್ತಿದ್ದಳು. ಮೊದಮೊದಲು ನಗುತ್ತ ಹೇಳುತ್ತಿದ್ದವಳು ಬರಬರುತ್ತ ಮೆಲ್ಲಗೆ, ಎಳೆ ಮಗುವಿಗೆ ಹೇಳುವಂತೆ ಹೇಳತೊಡಗಿದ್ದಳು. ಈಗ ಮೆಮೊರಿ ಟೆಸ್ಟ್ ಮಾಡಿಸೋಣ, ಆಮೇಲೆ ಮನೆ ಮಾರಿ ನನ್ನ ಹತ್ತಿರ ಬಂದುಬಿಡು ಅನ್ನುತ್ತಿದ್ದಳಂತೆ.

"ತಲಿ ಕೆಟ್ಟದ ಅಂತ ಸರ್ಟಿಫಿಕೇಟ್ ಕೊಡಸ್ಲಿಕ್ಕೆ ಹೊಂಟಾಳ, ನಾ ಹಡದ ಮಗಳು" ಎಂದರು ಆಂಟಿ. "ನಾ ಈ ಮನಿ ಬಿಡೂದಿಲ್ಲವಾ. ಅವರು ಇದ್ದ ಮನಿ ಇದು."

ಮನೆಯೊಳಗೆ ನಿಜವಾಗಿಯೂ ಚಳಿ ಕೊರೆಯುತ್ತಿತ್ತು. ಗೋಡೆಯ ಮೇಲಿನ ಥರ್ಮೋಸ್ಟ್ಯಾಟ್ ಮಾತ್ರ ಎಪ್ಪತ್ತೆರಡು ಫ್ಯಾರನ್‌ಹೀಟ್, ಅಂದರೆ ನಮ್ಮೂರಿನ ಲೆಕ್ಕದಲ್ಲಿ ಇಪ್ಪತ್ತೆರಡು ಡಿಗ್ರಿ, ಎಂದು ಜಂಬದಿಂದ ತೋರಿಸುತ್ತಿತ್ತು. ಕೆಲವು ದಿನ ಊಟದ ಹೊತ್ತಿನಲ್ಲಿ ಇಬ್ಬರೂ ಅದರ ಬೆನ್ನು ಬಿದ್ದೆವು. ಯೂಟ್ಯೂಬ್ ನೋಡಿ ಹೇಳುವವಳು ನಾನು, ಮಾಡುವವರು ಅವರು. ಮುಚ್ಚಳ ತೆಗೆದು ಧೂಳು ಊದಿದ್ದಾಯಿತು. ವೈರ್ ಬರುವ ತೂತಿನಿಂದ ಗಾಳಿ ನುಗ್ಗಿದರೂ ಲೆಕ್ಕ ತಪ್ಪುತ್ತದಂತೆ ಎಂದೆ. ಆಂಟಿ ಚಿಮುಟದಲ್ಲಿ ಹತ್ತಿ ಹಿಡಿದು, ಕೂಸಿನ ಕಿವಿಗೆ ಇಡುವಷ್ಟು ನಾಜೂಕಾಗಿ ಅದನ್ನು ಮುಚ್ಚಿದರು. ಬಿಸಿಲು ಬೀಳುತ್ತದೇನೋ ಎಂದು ಪರದೆ ಎಳೆದೆವು. ಎಪ್ಪತ್ತೆರಡು ಅಲ್ಲಾಡಲಿಲ್ಲ. ಪ್ರತಿ ಸಲ ಸೋತ ಮೇಲೆ ಚಹಾ, ಅವಲಕ್ಕಿ ಚೂಡಾ, ಆಂಟಿ ಸೂಜಿ ಚುಚ್ಚಿದ ಮಕ್ಕಳ ಕಥೆಗಳು... ರಿಪೇರಿ ಬೇಗ ಮುಗಿಯಲಿ ಎಂಬ ಅವಸರ ನನಗಂತೂ ಇರಲಿಲ್ಲ.

ಕೊನೆಗೊಂದು ದಿನ ಆಂಟಿ ತಮ್ಮ ಹಳೆಯ ಕ್ಲಿನಿಕ್ಕಿನ ಗೋಡೆಯಲ್ಲಿದ್ದ, ಕೋಣೆಯ ಬಿಸಿ ತೋರಿಸುವ ಗಾಜಿನ ಥರ್ಮಾಮೀಟರ್ ಹುಡುಕಿ ತಂದರು. "ಸೆಕೆಂಡ್ ಒಪಿನಿಯನ್ ತಗೊಳ್ಳೂಣು" ಎಂದರು. ಅದನ್ನು ಟೇಪ್ ಹಚ್ಚಿ ಥರ್ಮೋಸ್ಟ್ಯಾಟಿನ ಪಕ್ಕದಲ್ಲೇ ಅಂಟಿಸಿದೆ. ಚಹಾ ಕುಡಿದು ಬಂದು ನೋಡಿದರೆ ಅದೂ ಎಪ್ಪತ್ತೆರಡು ತೋರಿಸುತ್ತಿತ್ತು.

ಆಂಟಿ ಬಹಳ ಹೊತ್ತು ಅದನ್ನೇ ನೋಡಿದರು. ಹಾಗಾದರೆ ಮಗಳು ಹೇಳಿದ್ದೇ... ನನಗೆ ಅವರ ಮುಖ ನೋಡುವ ಧೈರ್ಯವಾಗಲಿಲ್ಲ. ಅವರು ದೀಪಕ್ಕೆ ಎಣ್ಣೆ ಹಾಕಲು ಹೋದರು.

ದೀಪ ಇದ್ದದ್ದು ಅದೇ ಗೋಡೆಯಲ್ಲಿ, ಥರ್ಮೋಸ್ಟ್ಯಾಟಿನ ಸರಿಯಾಗಿ ಕೆಳಗೆ, ದೇವರ ಹಲಗೆಯ ಮೇಲೆ. ಮೊಣಕಾಲು ನೋವು, ಮಹಡಿ ಹತ್ತಲು ಆಗುವುದಿಲ್ಲ ಎಂದು ಆ ವರ್ಷ ನವರಾತ್ರಿಗೆ ದೇವರನ್ನು ಮೇಲಿನ ಕೋಣೆಯಿಂದ ಕೆಳಗಿಳಿಸಿದ್ದರು. ಪೂರ್ವಕ್ಕೆ ಮುಖ ಮಾಡಿ ಕೂರಿಸಲು ಸಿಕ್ಕಿದ್ದು ಅದೊಂದೇ ಗೋಡೆ. ಅವರ ಕಡೆ ನವರಾತ್ರಿ ಮುಗಿಯುವವರೆಗೆ ದೀಪ ಆರಬಾರದು, ನಂದಾದೀಪ. ಹಬ್ಬ ಮುಗಿದ ಮೇಲೂ ಆಂಟಿ ಅದನ್ನು ಆರಲು ಬಿಟ್ಟಿರಲಿಲ್ಲ. ಯಾಕೆಂದು ನಾನು ಒಮ್ಮೆ ಕೇಳಿದ್ದಕ್ಕೆ, "ಮನ್ಯಾಗ ಒಂದು ಜೀವ ಇದ್ದಂಗ ಇರ್ತದ" ಎಂದಿದ್ದರು.

ಎಣ್ಣೆ ಹಾಕುತ್ತಿದ್ದ ಕೈ ಗಕ್ಕನೆ ನಿಂತಿತು. ಅಂಗೈಯನ್ನು ದೀಪದ ಮೇಲೆ ಹಿಡಿದು, ಗೋಡೆಯುದ್ದಕ್ಕೂ ನಿಧಾನವಾಗಿ ಏರಿಸುತ್ತ ಥರ್ಮೋಸ್ಟ್ಯಾಟ್‌ವರೆಗೆ ಒಯ್ದರು.

"ಅಯ್ಯ ನಮ್ಮಪ್ಪಾ! ಕೂಸಿಗೆ ಬಿಸಿ ಹಾಲು ಕುಡಿಸಿ ಬಾಯಾಗ ಥರ್ಮಾಮೀಟರ್ ಇಟ್ಟಂಗಾತಲ್ಲವಾ ಇದು!"

ಗಾಜಿನ ಥರ್ಮಾಮೀಟರನ್ನು ಕಿತ್ತು ಸೋಫಾದ ಮೇಲಿಟ್ಟೆವು. ಕೆಂಪು ಗೆರೆ ಸರಸರನೆ ಅರವತ್ತಕ್ಕೆ ಇಳಿಯಿತು. ದೀಪದ ಬಿಸಿ ಗೋಡೆ ಹಿಡಿದು ಮೇಲೇರಿ, ಮನೆಯೆಲ್ಲ ಬೆಚ್ಚಗಿದೆ ಎಂದು ಥರ್ಮೋಸ್ಟ್ಯಾಟಿಗೆ ನಂಬಿಸಿತ್ತು. ಅದು ಹೀಟರ್ ಹೊತ್ತಿಸುವ ಗೋಜಿಗೇ ಹೋಗಿರಲಿಲ್ಲ. ಪಾಪದ ಯಂತ್ರ, ಆ ಒಂದು ಗೇಣು ಗೋಡೆಯ ಮಟ್ಟಿಗೆ ನಿಜವನ್ನೇ ಹೇಳುತ್ತಿತ್ತು.

ದೀಪವನ್ನು ಅಡುಗೆಮನೆಯ ಕಟ್ಟೆಗೆ ಸಾಗಿಸಿ ಕಾದೆವು. ಗೋಡೆ ತಣ್ಣಗಾಯಿತು, ಅಂಕಿ ಇಳಿಯಿತು, ಕೆಳಗೆಲ್ಲೋ ಹೀಟರ್ ಗುಡುಗಿತು. ಆಗ ಬಂದಿತ್ತು ಆ ಸುಟ್ಟ ಧೂಳಿನ ವಾಸನೆ, ಡಿಸೆಂಬರ್ ಮುಗಿಯುತ್ತ ಬಂದಾಗ. ಆಂಟಿ ಬಿಸಿಗಾಳಿ ಬರುವ ನೆಲದ ಜಾಲರಿಯ ಮೇಲೆ ಹೋಗಿ ನಿಂತರು. ಸೀರೆಯ ನೆರಿಗೆ ಬುರ್ರನೆ ಉಬ್ಬಿತು. "ನನ್ನ ತಲಿ ಚಲೋ ಅದ! ತಿಳೀತೇನವಾ?" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನೂ ನಕ್ಕೆ. ಈ ಊರಿಗೆ ಬಂದ ಮೇಲೆ ನಾನು ಅಷ್ಟು ಸಂತೋಷವಾಗಿದ್ದದ್ದು ಅದೇ ಮೊದಲು.

ಅಲ್ಲೇ, ಜಾಲರಿಯ ಮೇಲೆ ನಿಂತೇ, ಸ್ಪೀಕರ್ ಹಾಕಿ ಮಗಳಿಗೆ ಫೋನ್ ಮಾಡಿದರು. ದೀಪದಿಂದ ಹಿಡಿದು ಸೋಫಾದವರೆಗೆ ಒಂದನ್ನೂ ಬಿಡದೆ ಹೇಳಿದರು.

"ಅಮ್ಮಾ... ಓಪನ್ ಫ್ಲೇಮ್? ಆಲ್ ಡೇ? ನೀನು ಮಲಗಿದಾಗ ಕೂಡ?"

ಆಂಟಿ ಮೆಲ್ಲಗೆ ಜಾಲರಿಯಿಂದ ಕೆಳಗಿಳಿದರು.

ಆ ಮಗಳ ಮೇಲೆ ನನಗೆ ಬಹಳ ದಿನ ಸಿಟ್ಟಿತ್ತು. ಈಗಿಲ್ಲ. ಮರದ ಗೋಡೆಗಳ ಮನೆ, ಒಂಟಿ ಅಮ್ಮ, ಹಗಲೂ ರಾತ್ರಿ ಉರಿಯುವ ದೀಪ. ಅವಳ ಜಾಗದಲ್ಲಿ ನಾನಿದ್ದರೂ ಅಮ್ಮನನ್ನು ಅಲ್ಲಿಂದ ಕರೆದುಕೊಂಡು ಹೋಗುತ್ತಿದ್ದೆ. ಮೆಮೊರಿ ಟೆಸ್ಟಿನ ಮಾತು ಆಮೇಲೆ ಯಾರೂ ಎತ್ತಲಿಲ್ಲ. ಯುಗಾದಿಗೆ ಮೊದಲೇ ಮನೆ ಮಾರಾಟವಾಯಿತು. ಹೊರಡುವ ದಿನ ಆಂಟಿ ಗಾಜಿನ ಥರ್ಮಾಮೀಟರನ್ನು ನನ್ನ ಕೈಗಿಟ್ಟು, ಕಾರಿನಲ್ಲಿದ್ದ ಮಗಳಿಗೆ ಕೇಳಿಸುವಂತೆ, "ಇದರ ತಲಿನೂ ನೆಟ್ಟಗದ, ಇಟ್ಕೋ" ಎಂದರು.

ಶಾರ್ಲೆಟ್‌ನಿಂದ ಭಾನುವಾರ ಫೋನ್ ಮಾಡುತ್ತಿದ್ದರು. ದೇವರ ಮುಂದೆ ಬ್ಯಾಟರಿ ದೀಪ ಇಟ್ಟಿದ್ದಾರಂತೆ. "ಇಲ್ಲೆ ಎಲ್ಲಾ ರೂಮೂ ಬೆಚ್ಚಗ ಅದಾವು. ಥಂಡಿ ಆಗೂದೇ ಇಲ್ಲ" ಎನ್ನುತ್ತಿದ್ದರು. ಅದು ದೂರು ಹೇಳಿದ ಹಾಗೆ ಕೇಳಿಸುತ್ತಿತ್ತು. ಮುಂದಿನ ದಸರೆ ಕಳೆದ ಮೇಲೆ ಒಂದು ಭಾನುವಾರ ಫೋನ್ ಬರಲಿಲ್ಲ. ಆಮೇಲೆ ಮಗಳ ಮೆಸೇಜ್ ಬಂತು, ಅಮ್ಮ ಇನ್ನಿಲ್ಲ ಎಂದು.

ಇವತ್ತು ಮೀಟಿಂಗ್ ಮುಗಿದ ಮೇಲೂ ನನಗೆ ಚಳಿ ಬಿಡಲಿಲ್ಲ. ಗೋಡೆಯ ಮೇಲೆ ಎಪ್ಪತ್ತು ಎಂದಿತ್ತು. ಡ್ರಾಯರಿನಿಂದ ಆಂಟಿಯ ಥರ್ಮಾಮೀಟರ್ ತೆಗೆದು ಅದರ ಪಕ್ಕ ಹಿಡಿದೆ, ಎಪ್ಪತ್ತು. ಸೋಫಾದ ಮೇಲಿಟ್ಟು ಕಾದೆ; ಎಪ್ಪತ್ತೇ. ಮನೆಯದೇನೂ ತಪ್ಪಿಲ್ಲ. ಪಕ್ಕದ ಬಾಗಿಲು ಬಡಿದು ನಿಮಗೂ ಚಳಿಯಾಗುತ್ತಿದೆಯೇ ಎಂದು ಕೇಳೋಣವೆಂದರೆ, ಅಲ್ಲಿ ಈಗ ಇರುವವರ ಪರಿಚಯ ನನಗಿಲ್ಲ. ಸ್ವೆಟರ್ ಹಾಕಿಕೊಂಡು ನೆಲದ ಜಾಲರಿಯ ಮೇಲೆ ಹೋಗಿ ನಿಂತೆ.