ನಿದ್ದೆ ಕಲಿತ ಬಜರ್

ಮೊಬೈಲ್ ಸಿಗ್ನಲ್ ಅನ್ನುವುದು ಕಳಸ ಪೇಟೆ ದಾಟಿ ನಮ್ಮ ತೋಟದವರೆಗೆ ಇನ್ನೂ ಬಂದಿರದ ಕಾಲ. ಅತ್ತೆಯ ಹೃದಯ ಸೋತಿತ್ತು, ಮಂಚ ಹಿಡಿದಿದ್ದರು. ನಮ್ಮ ಯಜಮಾನರು ದಿನವಿಡೀ ಗುಡ್ಡದ ಮೇಲಿನ ತೋಟದಲ್ಲಿ. ಅತ್ತೆಗೆ ಇದ್ದದ್ದು ಒಂದೇ ಆಸೆ, ಕೊನೆಯ ಉಸಿರಿನ ಹೊತ್ತಿಗೆ ಮಗ ಪಕ್ಕದಲ್ಲಿರಬೇಕು. ಬಂದವರ ಹತ್ತಿರವೆಲ್ಲ ಅದನ್ನೇ ಹೇಳುತ್ತಿದ್ದರು.

ಯಜಮಾನರಿಗೆ ರೇಡಿಯೊ ರಿಪೇರಿಯ ಹುಚ್ಚು. ಬೆಂಗಳೂರಿನಿಂದ ಪುಟ್ಟ ವೈರ್‌ಲೆಸ್ ಬೋರ್ಡುಗಳನ್ನು ತರಿಸಿ ಅತ್ತೆಯ ಮಂಚಕ್ಕೆ ಒಂದು ಗುಂಡಿ, ತಮ್ಮ ಜೇಬಿಗೆ ಒಂದು ಬಜರ್ ಮಾಡಿಕೊಂಡರು. ಇಲ್ಲಿ ಒತ್ತಿದರೆ ಗುಡ್ಡದ ಮೇಲೆ ಅದು ಕೀಂಯ್ ಅನ್ನುತ್ತಿತ್ತು. ಆದರೆ ಕರೆ ಬರಲಿ ಬಿಡಲಿ, ಆ ಡಬ್ಬಿ ಇಡೀ ದಿನ ಕಿವಿ ತೆರೆದುಕೊಂಡೇ ಇರಬೇಕಲ್ಲ, ಸೆಲ್ಲು ಸಂಜೆಯೊಳಗೆ ಮುಗಿದುಹೋಗುತ್ತಿತ್ತು.

“ಇದನ್ನ ಸಾಕೋದಕ್ಕಿಂತ ಒಂದು ಹಸು ಸಾಕೋದು ವಾಸಿ. ಹಾಲಾದ್ರೂ ಕೊಡ್ತದೆ” ಎಂದು ನಾನು ಛೇಡಿಸುತ್ತಿದ್ದೆ.

ವಾರಗಟ್ಟಲೆ ಕೂತು ಅದಕ್ಕೆ ನಿದ್ದೆ ಕಲಿಸಿದರು. ಡಬ್ಬಿ ಮಲಗಿರುತ್ತದೆ, ಆಗಾಗ ಎದ್ದು ಯಾರಾದರೂ ಕರೆಯುತ್ತಿದ್ದಾರಾ ಎಂದು ಕೇಳಿ ಮತ್ತೆ ಮಲಗುತ್ತದೆ. ಸೆಲ್ಲು ತಿಂಗಳು ದಾಟಿತು. ಊರಿಗೆಲ್ಲ ಹೇಳಿಕೊಂಡು ಬಂದರು, ಅಷ್ಟು ಖುಷಿ. ಒಂದೇ ಷರತ್ತು, ಅದು ಏಳುವವರೆಗೆ ಗುಂಡಿಯನ್ನು ಒತ್ತಿ ಹಿಡಿದಿರಬೇಕು.

“ಬಿಡ್ಬೇಡ ಅಮ್ಮ, ಸ್ವಲ್ಪ ಹೊತ್ತು ಹಿಡ್ಕೊಂಡೇ ಇರು.”

“ಆಯ್ತು ಮಾರಾಯ, ಎಷ್ಟು ಸಲ ಹೇಳ್ತಿ” ಎಂದರು ಅತ್ತೆ.

ಕಾಳುಮೆಣಸಿನ ಕೊಯ್ಲಿನ ಒಂದು ಮಧ್ಯಾಹ್ನ ನಾನು ಗಂಜಿ ತೆಗೆದುಕೊಂಡು ಹೋದಾಗ ಅತ್ತೆಗೆ ಏದುಸಿರು. ಕಣ್ಣು ಬಾಗಿಲ ಕಡೆಗಿತ್ತು.

“ಆಗ್ಲೇ ಒತ್ತಿದೀನಿ. ಬರ್ತಾನೆ.”

“ಹಿಡ್ಕೊಂಡಿದ್ರಾ ಅತ್ತೆ?”

“ಕೆಲ್ಸದಲ್ಲಿರೋನ್ನ ಹಾಗೆಲ್ಲ ಬಡ್ಕೊಂಡು ಕರೀತಾರಾ? ಒಂದ್ಸಲ ಒತ್ತಿ ಬಿಟ್ಟೆ. ಅಷ್ಟಕ್ಕೇ ಬರೋ ಮಗ ಅವ್ನು.”

ಜನ್ಮದಲ್ಲಿ ಯಾರನ್ನೂ ಎರಡನೇ ಸಲ ಕೂಗಿ ಕರೆದ ಹೆಂಗಸಲ್ಲ. ತೋಟದ ಆಳುಗಳಿರುವ ಲೈನ್ ಮನೆಗಳ ಮುಂದೆ ನಿಂತು ಕರೆಯುವಾಗಲೂ ಒಮ್ಮೆ ಕೆಮ್ಮಿ ಸುಮ್ಮನೆ ಕಾಯುತ್ತಿದ್ದರು. ದೊಡ್ಡವರ ಮರ್ಯಾದೆ ಅಂದರೆ ಅದು ಅಂತ ಅವರ ಲೆಕ್ಕ. ನಾನು ಗುಂಡಿ ಕಸಿದುಕೊಂಡು ಬೆರಳು ಬೆಳ್ಳಗಾಗುವಂತೆ ಒತ್ತಿ ಹಿಡಿದೆ. ಮಗ ಮರದ ಏಣಿ ಇಳಿದು, ಗುಡ್ಡ ಇಳಿದು ಓಡಿ ಬರುವಷ್ಟರಲ್ಲಿ ಅತ್ತೆಯ ಉಸಿರು ನಿಂತಿತ್ತು. ತೆರೆದ ಕಣ್ಣು ಬಾಗಿಲ ಕಡೆಗೇ ಇತ್ತು.

ತಿಥಿ ಮುಗಿದ ಮೇಲೆ ಯಜಮಾನರು ಡಬ್ಬಿ ಬಿಚ್ಚಿ ಅದರ ನಿದ್ದೆಯನ್ನು ತೆಗೆದುಹಾಕಿದರು. ಮತ್ತೆ ದಿನಾ ಹೊಸ ಸೆಲ್ಲು. ಇನ್ನು ಒತ್ತುವವರು ಯಾರೂ ಇಲ್ಲದಿದ್ದರೂ, ಹಸುವಿನ ಮಾತೆತ್ತಿ ಛೇಡಿಸಿದ್ದ ನಾನೇ ಪೇಟೆಯಿಂದ ಸೆಲ್ಲು ತರಿಸಿಡುತ್ತಿದ್ದೆ.

ಒಂದು ದಿನ ಆ ಕೋಣೆಯ ಹಾಸಿಗೆ ಕೊಡವುವಾಗ ಗುಂಡಿಗೆ ನನ್ನ ಕೈ ತಗುಲಿತು, ಅಷ್ಟೇ. ಹಾಸಿಗೆ ಮಡಿಸಿ ಮುಗಿಸುವುದರೊಳಗೆ ಅವರು ಬಾಗಿಲಲ್ಲಿದ್ದರು. ಬರಿಗಾಲು, ಎಲ್ಲೋ ಬಿದ್ದು ಮೊಣಕಾಲು ತರಚಿ ರಕ್ತ. ನನ್ನ ಕಡೆ ನೋಡಲೇ ಇಲ್ಲ. ಖಾಲಿ ಮಂಚದ ಹತ್ತಿರ ಹೋಗಿ ನಿಂತು, “ಬಂದೆ ಅಮ್ಮ” ಎಂದರು.