ಛತ್ರ ತಪ್ಪಿದ ಮದುವೆ

ತೊಂಬತ್ತರ ದಶಕದ ನಡುವೆ ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ನಾನು ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಅಚ್ಚಿನ ಮೊಳೆ ಜೋಡಿಸುವ ಕಾಲ ಮುಗಿದು ಕಂಪ್ಯೂಟರ್ ಬಂದ ಹೊಸತು. ಅದರಲ್ಲಿ ಕನ್ನಡ ಟೈಪ್ ಮಾಡಲು ಬರುತ್ತಿದ್ದವಳು ನಾನೊಬ್ಬಳೇ. ಸ್ವಲ್ಪ ಜಂಭವೂ ಇತ್ತು.

ಬಸವನಗುಡಿಯ ನಿವೃತ್ತ ಮೇಷ್ಟ್ರೊಬ್ಬರು ಮಗಳ ಮದುವೆಯ ಕಾರ್ಡು ಮಾಡಿಸಲು ಬಂದರು. ಪ್ರೂಫನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಕೆಳಗೆ ‘ಉಳಿದದ್ದೆಲ್ಲ ಸರಿಯಿದೆ’ ಎಂದು ಬರೆದು ಸಹಿ ಹಾಕಿಕೊಟ್ಟರು. ನಾನು ತಿದ್ದುತ್ತಿದ್ದಾಗ ಕರೆಂಟು ಹೋಯಿತು. ಸೇವ್ ಮಾಡಿರಲಿಲ್ಲ. ಕರೆಂಟು ಬಂದ ಮೇಲೆ ಬೇರೆ ಯಾರದೋ ಹಳೆಯ ಕಾರ್ಡನ್ನು ತೆರೆದು, ಅದರ ಮೇಲೇ ಹೆಸರು, ದಿನ, ಮುಹೂರ್ತವನ್ನೆಲ್ಲ ಗಡಿಬಿಡಿಯಲ್ಲಿ ಹೊಡೆದೆ. ಕೊನೆಯ ಸಾಲನ್ನು ಬದಲಾಯಿಸಲು ಮರೆತೆ. ಬಸವನಗುಡಿಯಲ್ಲಿ ನಡೆಯಬೇಕಾದ ಮದುವೆ ಮಲ್ಲೇಶ್ವರದ ಛತ್ರಕ್ಕೆ ಹೋಗಿ ಕೂತಿತು.

ಪ್ರೂಫ್ ನೋಡಿದ್ದೇವಲ್ಲ ಎಂದು ಮನೆಯವರು ಕಾರ್ಡುಗಳನ್ನು ಮತ್ತೆ ಓದದೆ ಹಂಚಿಬಿಟ್ಟಿದ್ದರು. ಮೈಸೂರಿನ ನೆಂಟರೊಬ್ಬರು ಮಲ್ಲೇಶ್ವರಕ್ಕೆ ಹೇಗೆ ಬರುವುದು ಎಂದು ಕೇಳಿದಾಗಲೇ ಗೊತ್ತಾಗಿದ್ದು. ಮೇಷ್ಟ್ರು ಪ್ರೆಸ್ಸಿಗೆ ಫೋನ್ ಮಾಡಿದರು. ಮಾಲೀಕರು ರಿಸೀವರ್ ಮುಚ್ಚಿ ಹಿಡಿದು ನನ್ನ ಕಡೆ ತಿರುಗಿದರು.

“ಏನಮ್ಮಾ ಇದು? ಅವ್ರು ಯಾವ ಛತ್ರ ಬರ್ಕೊಟ್ಟಿದ್ರು?”

“ಮಲ್ಲೇಶ್ವರಂ ಅಂತಾನೇ ಬರ್ದಿದ್ರು ಸಾರ್.”

“ಪ್ರೂಫ್ ಎಲ್ಲಿ?”

“ಅವ್ರೇ ವಾಪಸ್ ತಗೊಂಡ್ ಹೋದ್ರು.”

ಎರಡೂ ಸುಳ್ಳು. ನನಗಿಂತ ಮೊದಲು ನನ್ನ ಬಾಯಿ ಹೇಳಿತ್ತು. ಮಾಲೀಕರು ಅದನ್ನೇ ಫೋನಿನಲ್ಲಿ ಮೇಷ್ಟ್ರಿಗೆ ಹೇಳಿದರು. ಮಧ್ಯಾಹ್ನ ಯಾರೂ ಇಲ್ಲದಾಗ ಆ ಪ್ರೂಫನ್ನು ಫೈಲಿನಿಂದ ತೆಗೆದು ಊಟದ ಬ್ಯಾಗಿಗೆ ತುರುಕಿದೆ.

ಮೂರನೆಯ ದಿನ ಮೇಷ್ಟ್ರು ತಾವೇ ಬಂದರು. ಜಗಳಕ್ಕೆ ಬಂದಿದ್ದಾರೆ ಎಂದುಕೊಂಡು ನಾನು ತಲೆ ತಗ್ಗಿಸಿ ಕೂತೆ. ಅವರು ಮಾಲೀಕರಿಗೆ ಕೈಮುಗಿದರು.

“ಮೊದ್ಲು ಮಲ್ಲೇಶ್ವರದ ಛತ್ರನೇ ವಿಚಾರಿಸಿದ್ವಿ. ಅದೇ ತಲೇಲಿ ಕೂತಿತ್ತೇನೋ, ಹಾಗೇ ಬರ್ದಿದೀನಿ. ತಪ್ಪು ನಂದು. ಆ ಹುಡುಗೀನ ಏನೂ ಅನ್ಬೇಡಿ.”

ತಿದ್ದುಪಡಿಯ ಚೀಟಿಗಳನ್ನು ಅಚ್ಚು ಹಾಕಿಕೊಡಿ ಎಂದು ಹೇಳಿ ಮೆಟ್ಟಿಲಿಳಿದರು. ಗೋಡೆ ಹಿಡಿದುಕೊಂಡು ಇಳಿಯುತ್ತಿದ್ದರು. ನನ್ನಿಂದ ಕೂರಲಾಗಲಿಲ್ಲ. ಬ್ಯಾಗು ಹಿಡಿದು ಓಡಿದೆ. ಬಸ್ ಸ್ಟಾಪಿನಲ್ಲಿ ಸಿಕ್ಕರು. ಸಾರಿನ ಕಲೆಯಾಗಿದ್ದ ಆ ಹಾಳೆಯನ್ನು ಅವರ ಕೈಗಿಟ್ಟೆ.

ಕನ್ನಡಕ ಹಾಕಿಕೊಂಡು ಓದಿದರು. “ಇದು ನನ್ನ ಸಹಿ ಅಲ್ವಾ?”

“ಹೌದು ಸಾರ್. ನೀವು ಸರಿಯಾಗೇ ಬರ್ದಿದ್ರಿ. ತಪ್ಪು ನಂದು. ಸುಳ್ಳು ಹೇಳಿದ್ದೂ ನಾನೇ.”

ಬಯ್ಗುಳಕ್ಕೆ ಕಾದು ನಿಂತೆ. ಮೇಷ್ಟ್ರು ಹಾಳೆಯನ್ನು ಇನ್ನೊಮ್ಮೆ ಓದಿ, ಬಸ್ಸಿಗೆ ಕಾದಿದ್ದವರೆಲ್ಲ ತಿರುಗಿ ನೋಡುವಂತೆ ನಕ್ಕುಬಿಟ್ಟರು.

“ಹಾಗಾದ್ರೆ ನಂಗೆ ಮರೆವು ಬಂದಿಲ್ಲ! ಮೂರು ದಿನದಿಂದ ನಿದ್ದೆ ಇಲ್ಲ ಕಣಮ್ಮಾ. ನಮ್ಮಣ್ಣಂಗೂ ಹೀಗೇ ಶುರುವಾಗಿದ್ದು. ನನ್ನ ಕಥೆನೂ ಮುಗೀತು ಅಂದ್ಕೊಂಡಿದ್ದೆ.” ಆಮೇಲೆ ಮುಖ ಗಂಭೀರ ಮಾಡಿಕೊಂಡರು. “ಸಿಟ್ಟಿಲ್ಲ ಅಂತಲ್ಲ, ಇದೆ. ಮದುವೆ ಮುಗೀಲಿ, ಬೈತೀನಿ. ಈಗ ಬಾ, ನಮ್ಮನೆಯವಳ ಮುಂದೆ ಇದನ್ನೇ ಹೇಳು.”

ಹೇಳಿದೆ. ಮೇಷ್ಟ್ರ ಹೆಂಡತಿ ಹಾಳೆಯನ್ನು ಎರಡು ಸಲ ಓದಿ, ಗಂಡನ ಕಡೆ ನೋಡದೆ, “ಸರಿ, ನಾನು ಅಂದಿದ್ದೆಲ್ಲ ವಾಪಸ್ ತಗೊಂಡೆ” ಎಂದರು.

“ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು,” ಎಂದರು ಮೇಷ್ಟ್ರು.

ಪ್ರೆಸ್ಸಿಗೆ ವಾಪಸ್ ಬಂದು ಮಾಲೀಕರಿಗೂ ಹೇಳಿದೆ. ಅವರು ಅಷ್ಟು ಸುಲಭಕ್ಕೆ ಬಿಡಲಿಲ್ಲ. “ತಪ್ಪು ಯಾರಿಗಾದ್ರೂ ಆಗತ್ತೆ. ಆದ್ರೆ ಅವ್ರು ನಂಗೆ ಕೈಮುಗೀತಿದ್ರೆ ನೀನು ನೋಡ್ಕೊಂಡು ಕೂತಿದ್ಯಲ್ಲಮ್ಮಾ” ಎಂದರು. ಮರುದಿನ ಚೀಟಿಗಳನ್ನು ಅಚ್ಚು ಹಾಕಿಸಿ, ಮದುವೆಯ ದಿನ ಮಲ್ಲೇಶ್ವರದ ಛತ್ರದ ಬಾಗಿಲಲ್ಲಿ ನಾನೇ ನಿಲ್ಲಬೇಕೆಂದು ಆಜ್ಞೆ ಮಾಡಿದರು. ಒಂದು ಮ್ಯಾಟಡಾರ್ ವ್ಯಾನನ್ನೂ ಗೊತ್ತು ಮಾಡಿದರು.

ಬೆಳಗ್ಗೆ ಆರೂವರೆಗೇ, ಮೇಷ್ಟ್ರ ಮಗಳ ಮದುವೆ ಬಸವನಗುಡಿಯಲ್ಲಿ ಎಂದು ಬರೆದ ರಟ್ಟಿನ ಬೋರ್ಡು ಹಿಡಿದು ನಿಂತೆ. ಅಲ್ಲಿ ಬೇರೆಯವರ ಮದುವೆ ನಡೆದಿತ್ತು. ಅವರು ನನ್ನನ್ನು ಹುಡುಗನ ಕಡೆಯವಳೆಂದುಕೊಂಡು ಎರಡು ಸಲ ಪನ್ನೀರು ಚಿಮುಕಿಸಿದರು. ಚೀಟಿ ತಲುಪದವರು ಒಬ್ಬೊಬ್ಬರಾಗಿ ಬಂದರು. ಎಲ್ಲರನ್ನೂ ವ್ಯಾನಿಗೆ ಹತ್ತಿಸಿದೆ. ಹೊರಡಬೇಕೆನ್ನುವಷ್ಟರಲ್ಲಿ ಮೇಷ್ಟ್ರ ಹಳೆಯ ಸಹೋದ್ಯೋಗಿಯೊಬ್ಬರು ಹೆಂಡತಿಯ ಜೊತೆ ಛತ್ರದ ಒಳಗಿನಿಂದಲೇ ಹೊರಬಂದರು. ಬೋರ್ಡು ಓದಿ ಬೆಚ್ಚಿದರು.

“ಅಯ್ಯೋ, ತಿಂಡಿ ಆಯ್ತಲ್ಲಮ್ಮಾ! ಹುಡುಗೀಗೆ ಅಕ್ಷತೆನೂ ಹಾಕ್ಬಿಟ್ವಿ.”

“ನಾನು ಆಗ್ಲೇ ಹೇಳ್ದೆ, ಈ ಹುಡುಗಿ ಅವ್ರ ಮಗಳ ಥರ ಇಲ್ಲ ಅಂತ,” ಎಂದರು ಅವರ ಹೆಂಡತಿ. “ಮೇಕಪ್ಪು ಕಣೇ, ಸುಮ್ನಿರು ಅಂದ್ರು.”

ಶೇಷಾದ್ರಿಪುರಂ, ಮೆಜೆಸ್ಟಿಕ್ ದಾಟಿ ಬಸವನಗುಡಿ ಮುಟ್ಟುವವರೆಗೂ ವ್ಯಾನಿನಲ್ಲಿ ನಗು ನಿಲ್ಲಲಿಲ್ಲ. ಮುಹೂರ್ತಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ ತಲುಪಿದೆವು. ಧಾರೆಯ ಮಂಟಪದಲ್ಲಿ ಕೂತಿದ್ದ ಮೇಷ್ಟ್ರು ನಮ್ಮ ಗುಂಪನ್ನು ಕಂಡು ಅಲ್ಲಿಂದಲೇ ಕೈಯೆತ್ತಿದರು.

ಊಟದಲ್ಲಿ ಅವರ ಹೆಂಡತಿ ನನ್ನನ್ನು ಮೊದಲ ಪಂಕ್ತಿಗೇ ಕೂರಿಸಿದರು. ಪಕ್ಕದ ಎಲೆಗೆ ಮಾಲೀಕರು ಬಂದು ಕೂತು, “ಬಡಿಸಪ್ಪಾ, ಇವ್ಳಿಗೆ ಇನ್ನೊಂದು ಒಬ್ಬಟ್ಟು ಹಾಕು. ಬೆಳಗ್ಗೆಯಿಂದ ನಿಂತಿದಾಳೆ” ಎಂದರು. ಮೇಷ್ಟ್ರು ತುಪ್ಪದ ಮಿಳ್ಳೆ ಹಿಡಿದು ಬಂದರು. ಬೈತೀನಿ ಅಂದಿದ್ದಿರಿ ಎಂದು ನೆನಪಿಸಿದೆ.

“ಮೊದ್ಲು ಊಟ ಮಾಡು,” ಎಂದು ಎಲೆಯ ತುಂಬ ತುಪ್ಪ ಸುರಿದು ಮುಂದಿನ ಎಲೆಗೆ ಹೋದರು.